ಇಂಜಿನ್ ಯಾಕೆ ನಿಲ್ತಿತ್ತು? ಬಿಯಾಟ್ರಿಸ್ ಶಿಲ್ಲಿಂಗ್ ಕಥೆ

ಹಳೇ ಕಾರ್ಬುರೇಟರ್ ಗಾಡಿ ಓಡಿಸಿದವರಿಗೆ ಈ ಕಾಟ ಗೊತ್ತಿರುತ್ತೆ. ಗಾಡಿ ಚೆನ್ನಾಗೇ ಓಡ್ತಿರುತ್ತೆ, ಹಂಪ್ ಬಂತು ಅಂತ ಬ್ರೇಕ್ ಹಿಡಿದ ತಕ್ಷಣ ಇಂಜಿನ್ ಆಫ್! ಹಿಂದಿನವರು ಹಾರ್ನ್ ಹೊಡೀತಾರೆ, ನಾವು ಮತ್ತೆ ಕಿಕ್ ಹೊಡೀತೀವಿ. ನಷ್ಟ ಅಷ್ಟೇ. ಆದರೆ ಇಂಥದ್ದೇ ಕಾಟ ಆಕಾಶದಲ್ಲಿ, ಶತ್ರು ವಿಮಾನ ಬೆನ್ನು ಹತ್ತಿದಾಗ ಬಂದರೆ? 1940ರಲ್ಲಿ ಬ್ರಿಟನ್ನಿನ ಪೈಲಟ್‌ಗಳಿಗೆ ಬಂದದ್ದು ಅದೇ. ಅದರ ಮೂಲ ಹಿಡಿದು, ಬೆರಳ ತುದಿಯಷ್ಟು ಹಿತ್ತಾಳೆ ತುಂಡಿನಿಂದ ಪರಿಹಾರ ಕೊಟ್ಟವರು ಬಿಯಾಟ್ರಿಸ್ ಶಿಲ್ಲಿಂಗ್.

ಬಿಯಾಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ವಾಟರ್‌ಲೂವಿಲ್‌ನಲ್ಲಿ. ತಂದೆಯದು ಮಾಂಸದ ವ್ಯಾಪಾರ. 14ನೇ ವಯಸ್ಸಿಗೇ ಸ್ವಂತ ಮೋಟಾರ್ ಬೈಕ್ ಕೊಂಡ ಹುಡುಗಿ ಈಕೆ. ಶಾಲೆ ಮುಗಿದ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳಾ ಇಂಜಿನಿಯರ್ ನಡೆಸುತ್ತಿದ್ದ ಕಂಪನಿ ಸೇರಿ, ಮನೆಗಳಿಗೆ ವೈರಿಂಗ್ ಮಾಡೋದು, ಜನರೇಟರ್ ಕೂರಿಸೋದು ಕಲಿತರು. ಕಾಲೇಜಿಗೆ ಹೋಗು ಅಂತ ಹುರಿದುಂಬಿಸಿದವರೂ ಪಾರ್ಟ್ರಿಜ್ ಅವರೇ. 1932ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಪದವಿ, ಮರುವರ್ಷವೇ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ. ನಮ್ಮಲ್ಲಿ ಬ್ರಾಂಚ್ ಬ್ರಾಂಚ್ ಅಂತ ಜಗಳ ಆಡೋರು ಗಮನಿಸಬೇಕು!

ಓದು ಒಂದು ಕಡೆಯಾದರೆ ರೇಸ್ ಇನ್ನೊಂದು ಕಡೆ. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ತಮ್ಮ 500 ಸಿಸಿ ನಾರ್ಟನ್ ಬೈಕನ್ನು ಗಂಟೆಗೆ 106 ಮೈಲಿ, ಅಂದರೆ ಸುಮಾರು 171 ಕಿ.ಮೀ. ವೇಗದಲ್ಲಿ ಓಡಿಸಿ ಗೋಲ್ಡ್ ಸ್ಟಾರ್ ಗಳಿಸಿದರು. 1938ರಲ್ಲಿ ಜಾರ್ಜ್ ನೇಲರ್ ಅವರನ್ನು ಮದುವೆಯಾದರು. ನೀನೂ ಗೋಲ್ಡ್ ಸ್ಟಾರ್ ತಗೊಳ್ಳೋ ತನಕ ಮದುವೆ ಇಲ್ಲ ಅಂತ ಷರತ್ತು ಹಾಕಿದ್ದರಂತೆ! ಇದು ಬಾಯಿಂದ ಬಾಯಿಗೆ ಬಂದ ಕಥೆ.

1936ರಲ್ಲಿ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಅವರ ವಿಷಯವೇ ಕಾರ್ಬುರೇಟರ್.

ಅಷ್ಟರಲ್ಲಿ ಯುದ್ಧ ಬಂತು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಲ್ಲಿದ್ದದ್ದು ರೋಲ್ಸ್ ರಾಯ್ಸ್ ಮೆರ್ಲಿನ್ ಇಂಜಿನ್. ಪೈಲಟ್ ವಿಮಾನದ ಮೂತಿಯನ್ನು ಗಕ್ಕನೆ ಕೆಳಗೆ ತಿರುಗಿಸಿದರೆ ಇಂಜಿನ್ ಕೆಮ್ಮುತ್ತಿತ್ತು, ಕಪ್ಪು ಹೊಗೆ ಬಿಡುತ್ತಿತ್ತು, ಒಮ್ಮೊಮ್ಮೆ ನಿಂತೇ ಹೋಗುತ್ತಿತ್ತು. ಜರ್ಮನ್ನರ ಮೆಸ್ಸರ್‌ಸ್ಮಿಟ್ 109ರಲ್ಲಿ ನೇರ ಫ್ಯೂಯೆಲ್ ಇಂಜೆಕ್ಷನ್ ಇತ್ತು, ಅದಕ್ಕೆ ಈ ರೋಗವಿಲ್ಲ. ಜರ್ಮನ್ ಪೈಲಟ್ ಮೂತಿ ತಗ್ಗಿಸಿ ಕೆಳಕ್ಕೆ ಧುಮುಕಿ ಪಾರಾಗುತ್ತಿದ್ದ. ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಉಲ್ಟಾ ಹೊರಳಿಸಿ ಆಮೇಲೆ ಧುಮುಕಬೇಕಿತ್ತು. ಅಷ್ಟರಲ್ಲಿ ಶತ್ರು ದೂರ. ಬೆನ್ನು ಹತ್ತಿದವನೇ ಶತ್ರುವಾಗಿದ್ದರೆ ಪ್ರಾಣಕ್ಕೇ ಸಂಚಕಾರ.

ಕಾರಣ ಏನು? ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೆನಪಿಸಿಕೊಳ್ಳಿ. ನೀರು ಏರಿದರೆ ಚೆಂಡು ಏರಿ ನಲ್ಲಿ ಮುಚ್ಚುತ್ತೆ, ಇಳಿದರೆ ತೆರೆಯುತ್ತೆ. ಕಾರ್ಬುರೇಟರಿನ ಫ್ಲೋಟ್ ಮಾಡೋದೂ ಇದನ್ನೇ. ವಿಮಾನ ಗಕ್ಕನೆ ಕೆಳಗೆ ಬಾಗಿದಾಗ ಪೆಟ್ರೋಲ್ ಚೇಂಬರಿನ ಮೇಲ್ಭಾಗಕ್ಕೆ ಚಿಮ್ಮುತ್ತೆ. ತಳದ ಜೆಟ್‌ಗೆ ಪೆಟ್ರೋಲ್ ಸಿಗದೆ ಇಂಜಿನ್ ಒಂದು ಕ್ಷಣ ಬಡವಾಗುತ್ತೆ. ಇದು ಮೊದಲ ಹಂತ. ಅದೇ ಹೊತ್ತಿಗೆ ಫ್ಲೋಟ್ ತಳಕ್ಕೆ ಹೋಗಿ, ಟ್ಯಾಂಕ್ ಖಾಲಿ ಅನ್ನೋ ಹಾಗೆ ವಾಲ್ವನ್ನು ಪೂರ್ತಿ ತೆರೆದುಬಿಡುತ್ತೆ. ಪಂಪು ತನ್ನ ಶಕ್ತಿಮೀರಿ ಪೆಟ್ರೋಲ್ ಸುರಿಯುತ್ತೆ. ಆಮೇಲೆ ಇಂಜಿನ್ ಪೆಟ್ರೋಲ್‌ನಲ್ಲಿ ಮುಳುಗಿ ನಿಲ್ಲುತ್ತೆ. ಇದು ಎರಡನೇ ಹಂತ.

ಅಂದರೆ ಇಂಜಿನ್ ಮೊದಲು ಹಸಿವಿನಿಂದ ತಡವರಿಸುತ್ತಿತ್ತು, ಆಮೇಲೆ ಅಜೀರ್ಣದಿಂದ ಮಲಗುತ್ತಿತ್ತು. ಹೊರಗಿನಿಂದ ನೋಡಿದರೆ ಒಂದೇ ರೋಗ, ಒಳಗೆ ಎರಡು. ಮೊದಲನೆಯದು ಬೇಗ ಕಳೆಯುತ್ತಿತ್ತು. ಹೆಚ್ಚು ಅಪಾಯ ಎರಡನೆಯದರಲ್ಲಿ. ಶಿಲ್ಲಿಂಗ್ ಕೈಹಾಕಿದ್ದು ಎರಡನೆಯದಕ್ಕೆ.

ಉಪಾಯ ಸರಳ. ಪೂರ್ತಿ ಶಕ್ತಿಯಲ್ಲಿ ಓಡುವಾಗ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡುವ ತೂತನ್ನು ಪೆಟ್ರೋಲ್ ಬರುವ ದಾರಿಯಲ್ಲಿ ಇಟ್ಟರೆ, ವಾಲ್ವ್ ಪೂರ್ತಿ ತೆರೆದರೂ ಪ್ರವಾಹ ಬರೋದಿಲ್ಲ. ತೂತು ಚಿಕ್ಕದಾದರೆ ಶಕ್ತಿ ಸಾಲದು, ದೊಡ್ಡದಾದರೆ ಹಳೇ ಕಾಟ. ಲೆಕ್ಕ ಕರಾರುವಾಕ್ಕಾಗಿರಬೇಕು. 12 ಮತ್ತು 15 ಪೌಂಡ್ ಬೂಸ್ಟ್‌ನ ಇಂಜಿನ್‌ಗಳಿಗೆ ಬೇರೆ ಬೇರೆ ಅಳತೆ ಮಾಡಿದರು. ಮೊದಲು ಹೊಲಿಗೆಯ ಅಂಗುಸ್ತಾನದ ಆಕಾರದಲ್ಲಿದ್ದ ಈ ಹಿತ್ತಾಳೆ ತುಂಡು ಆಮೇಲೆ ಬರೀ ಚಪ್ಪಟೆ ವಾಷರ್ ಆಯಿತು. ವಿಮಾನವನ್ನು ಸೇವೆಯಿಂದ ಹೊರಗಿಡದೆ ಇದ್ದಲ್ಲೇ ಕೂರಿಸಬಹುದಿತ್ತು. 1941ರ ಮಾರ್ಚ್ ಹೊತ್ತಿಗೆ ಶಿಲ್ಲಿಂಗ್ ಪುಟ್ಟ ತಂಡ ಕಟ್ಟಿಕೊಂಡು ವಾಯುಪಡೆಯ ನೆಲೆಗಳನ್ನು ಸುತ್ತಿ ಅದನ್ನು ಹಾಕಿಸುತ್ತಿದ್ದರು. ಆ ಓಡಾಟಕ್ಕೂ ಅದೇ ನಾರ್ಟನ್ ಬೈಕು.

ಈ ವಾಷರ್ರೇ ಬ್ಯಾಟಲ್ ಆಫ್ ಬ್ರಿಟನ್ ಗೆಲ್ಲಿಸಿತು ಅಂತ ಕೆಲವರು ಹೇಳೋದುಂಟು. ಅದು ಸರಿಯಲ್ಲ, ಆ ಕದನ 1940ರಲ್ಲೇ ಮುಗಿದಿತ್ತು. ಮೊದಲ ಹಂತದ ತಡವರಿಕೆಯನ್ನೂ ಅದು ಪೂರ್ತಿ ನಿಲ್ಲಿಸಲಿಲ್ಲ. ಅದಕ್ಕೆ ಒತ್ತಡದ ಕಾರ್ಬುರೇಟರ್‌ಗಳು ಬರಬೇಕಾಯಿತು, ಅವು ಬಂದದ್ದು 1943ರಲ್ಲಿ. ಆದರೆ ಆ ನಡುವಿನ ಕಾಲದಲ್ಲಿ ದಿನಾ ಮೇಲಕ್ಕೆ ಹಾರುತ್ತಿದ್ದ ಪೈಲಟ್‌ಗಳಿಗೆ ಪರಿಪೂರ್ಣ ಉತ್ತರಕ್ಕಾಗಿ ಕಾಯುವಷ್ಟು ಆಯುಷ್ಯ ಇತ್ತೋ ಇಲ್ಲವೋ! ಅವರಿಗೆ ಬೇಕಾದದ್ದು ಈ ವಾರ ಸಿಗುವ ಉತ್ತರ. ಶಿಲ್ಲಿಂಗ್ ಕೊಟ್ಟದ್ದು ಅದನ್ನೇ.

ಯುದ್ಧದ ನಂತರವೂ ಅವರು 1969ರವರೆಗೆ ಅಲ್ಲೇ ದುಡಿದರು. ಬ್ಲೂ ಸ್ಟ್ರೀಕ್ ಕ್ಷಿಪಣಿ, ಒದ್ದೆ ರನ್‌ವೇ ಮೇಲೆ ವಿಮಾನದ ಬ್ರೇಕ್ ಹಿಡಿತ, ಹೀಗೆ ಹಲವು ಕೆಲಸ. ಗಂಡನ ಜೊತೆ ಕಾರ್ ರೇಸನ್ನೂ ಬಿಡಲಿಲ್ಲ. 1990ರ ನವೆಂಬರ್ 18ರಂದು ತೀರಿಕೊಂಡರು.

ಇನ್ನು ನಮ್ಮ ವಿಷಯ. ಮುಂದಿನ ಸಲ ಹಂಪ್ ಹತ್ತಿರ ನಿಮ್ಮ ಹಳೇ ಗಾಡಿ ನಿಂತರೆ, ಪಾರ್ಟ್ಸ್ ಬದಲಾಯಿಸೋಕೆ ಓಡಬೇಡಿ. ಪ್ಲಗ್ ಬಿಚ್ಚಿ ನೋಡಿ. ಒಣಗಿ ಬೆಳ್ಳಗಿದ್ದರೆ ಹಸಿವು, ಬಹುಶಃ ಸ್ಲೋ ಜೆಟ್‌ನಲ್ಲಿ ಕಸ ಕೂತಿದೆ. ಮಸಿ ಹಿಡಿದು ಒದ್ದೆಯಾಗಿದ್ದರೆ ಅಜೀರ್ಣ, ಫ್ಲೋಟಿನ ಮಟ್ಟ ನೋಡಿಸಿ. ಸ್ಪ್ಯಾನರ್ ಎತ್ತೋ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಂಜಿನ್ ಉಪವಾಸವಿದೆಯಾ, ಮುಳುಗಿದೆಯಾ?