ಜಾನ್ ಥಾಮಸ್ ಸ್ಕೋಪ್ಸ್

ಜಾನ್ ಥಾಮಸ್ ಸ್ಕೋಪ್ಸ್ (ಆಗಸ್ಟ್ 3, 1900 – ಅಕ್ಟೋಬರ್ 21, 1970) ಅಮೆರಿಕ ಸಂಯುಕ್ತ ಸಂಸ್ಥಾನದ ಶಿಕ್ಷಕ ಮತ್ತು ಭೂವಿಜ್ಞಾನಿ. ಟೆನೆಸ್ಸೀ ರಾಜ್ಯದ ಪ್ರೌಢಶಾಲೆಯೊಂದರಲ್ಲಿ ಜೀವವಿಕಾಸವನ್ನು ಬೋಧಿಸಿದ ಆರೋಪದ ಮೇಲೆ 1925ರಲ್ಲಿ ಇವರ ವಿಚಾರಣೆ ನಡೆಯಿತು. ಶಾಲಾ ವಿಜ್ಞಾನದ ಪಠ್ಯವಿಷಯವನ್ನು ನಿರ್ಧರಿಸುವ ಅಧಿಕಾರ ಶಾಸನಸಭೆಗೆ ಎಷ್ಟರ ಮಟ್ಟಿಗೆ ಇದೆ ಎಂಬ ಪ್ರಶ್ನೆಯನ್ನು ಈ ಮೊಕದ್ದಮೆಯು ಜಗತ್ತಿನ ಗಮನಕ್ಕೆ ತಂದಿತು.

ಬಾಲ್ಯ ಮತ್ತು ಶಿಕ್ಷಣ

ಸ್ಕೋಪ್ಸ್ ಕೆಂಟಕಿ ರಾಜ್ಯದ ಪಡೂಕಾ ನಗರದಲ್ಲಿ ಜನಿಸಿದರು. ಇಲಿನಾಯ್ ರಾಜ್ಯದ ಸೇಲಂ ಊರಿನಲ್ಲಿ 1919ರಲ್ಲಿ ಪ್ರೌಢಶಾಲಾ ಶಿಕ್ಷಣವನ್ನು ಮುಗಿಸಿದರು. ಆ ವರ್ಷದ ಪದವಿ ಪ್ರದಾನ ಸಮಾರಂಭದಲ್ಲಿ ಭಾಷಣ ಮಾಡಿದವರು ಅದೇ ಊರಿನವರಾದ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಆರು ವರ್ಷಗಳ ನಂತರ ಅವರೇ ಸ್ಕೋಪ್ಸ್ ವಿರುದ್ಧ ಸರ್ಕಾರದ ಪರವಾಗಿ ವಾದಿಸಿದರು. 1924ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಸ್ಕೋಪ್ಸ್, ಟೆನೆಸ್ಸೀಯ ಡೇಟನ್ ಪಟ್ಟಣದ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ತರಬೇತುದಾರರಾಗಿ ಮತ್ತು ವಿಜ್ಞಾನ ಶಿಕ್ಷಕರಾಗಿ ಕೆಲಸಕ್ಕೆ ಸೇರಿದರು. ಜೀವವಿಜ್ಞಾನದ ತರಗತಿಗಳು ಮುಖ್ಯೋಪಾಧ್ಯಾಯರ ಹೊಣೆಯಾಗಿದ್ದವು. ಅವರ ಅನುಪಸ್ಥಿತಿಯಲ್ಲಿ ಸ್ಕೋಪ್ಸ್ ಕೆಲವು ದಿನ ಆ ತರಗತಿಗಳನ್ನು ನೋಡಿಕೊಂಡರು.

ಬಟ್ಲರ್ ಕಾಯ್ದೆ

1925ರ ಮಾರ್ಚ್ ತಿಂಗಳಲ್ಲಿ ಟೆನೆಸ್ಸೀ ರಾಜ್ಯವು ಬಟ್ಲರ್ ಕಾಯ್ದೆಯನ್ನು ಜಾರಿಗೆ ತಂದಿತು. ರೈತನೂ ಶಾಸಕನೂ ಆಗಿದ್ದ ಜಾನ್ ವಾಷಿಂಗ್ಟನ್ ಬಟ್ಲರ್ ಇದನ್ನು ಮಂಡಿಸಿದ್ದರು. ಬೈಬಲ್ಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು, ಮಾನವನು ಕೆಳಸ್ತರದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಅನುದಾನದ ಶಾಲೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ಬೋಧಿಸುವುದನ್ನು ಈ ಕಾಯ್ದೆ ನಿಷೇಧಿಸಿತು. ತಪ್ಪಿತಸ್ಥರಿಗೆ 100ರಿಂದ 500 ಡಾಲರ್ ದಂಡ ವಿಧಿಸಬಹುದಾಗಿತ್ತು.

ಆದರೆ ಅದೇ ರಾಜ್ಯವು ಪ್ರೌಢಶಾಲೆಗಳಿಗೆ ಅನುಮೋದಿಸಿದ್ದ ಜಾರ್ಜ್ ವಿಲಿಯಂ ಹಂಟರ್ ಅವರ 'ಎ ಸಿವಿಕ್ ಬಯಾಲಜಿ' (1914) ಎಂಬ ಪಠ್ಯಪುಸ್ತಕದಲ್ಲಿ ಜೀವವಿಕಾಸದ ವಿವರಣೆ ಇತ್ತು. ಹೀಗಾಗಿ ನಿಗದಿತ ಪಠ್ಯವನ್ನು ಬೋಧಿಸುವ ಶಿಕ್ಷಕನು ಕಾನೂನನ್ನು ಮುರಿದಂತಾಗುವ ಪರಿಸ್ಥಿತಿ ಉಂಟಾಯಿತು. ಈ ಪುಸ್ತಕವು ಮಾನವ ಜನಾಂಗಗಳನ್ನು ಮೇಲು ಕೀಳೆಂದು ವಿಂಗಡಿಸಿ, ಸುಸಂತಾನವಾದವನ್ನೂ ಸಮರ್ಥಿಸಿತ್ತು. ಕಾಯ್ದೆಯ ಆಕ್ಷೇಪಣೆ ಇದ್ದದ್ದು ಆ ಭಾಗಗಳಿಗಲ್ಲ, ಮಾನವನ ಉಗಮದ ವಿಷಯಕ್ಕೆ ಮಾತ್ರ.

ವಿಚಾರಣೆ

ಕಾಯ್ದೆಯನ್ನು ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರಿಗೆ ನೆರವು ನೀಡುವುದಾಗಿ ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಒಕ್ಕೂಟವು ಪತ್ರಿಕೆಗಳ ಮೂಲಕ ಪ್ರಕಟಿಸಿತು. ಇಂತಹ ಮೊಕದ್ದಮೆಯಿಂದ ಊರಿಗೆ ಹೆಸರು ಬರುವುದೆಂದು ಭಾವಿಸಿದ ಡೇಟನ್ನಿನ ಕೆಲವು ಪ್ರಮುಖರು ಸ್ಥಳೀಯ ಔಷಧಿ ಅಂಗಡಿಯೊಂದರಲ್ಲಿ ಸೇರಿ ಸ್ಕೋಪ್ಸ್ ಅವರನ್ನು ಕರೆಸಿದರು. ತರಗತಿಯಲ್ಲಿ ಆ ಪಾಠವನ್ನು ಮಾಡಿದ್ದು ಸ್ಕೋಪ್ಸ್ ಅವರಿಗೆ ಖಚಿತವಾಗಿ ನೆನಪಿರಲಿಲ್ಲ. ಆದರೂ 24 ವರ್ಷದ ಅವರು ಆರೋಪಿಯಾಗಲು ಒಪ್ಪಿಕೊಂಡರು.

ವಿಚಾರಣೆಯು 1925ರ ಜುಲೈ 10ರಂದು ನ್ಯಾಯಾಧೀಶ ಜಾನ್ ರಾಲ್‌ಸ್ಟನ್ ಅವರ ಮುಂದೆ ಆರಂಭವಾಯಿತು. ಪ್ರತಿವಾದಿಯ ಪರ ಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ ವಾದಿಸಿದರು. ಷಿಕಾಗೋದ ರೇಡಿಯೋ ಕೇಂದ್ರವೊಂದು ಕಲಾಪಗಳನ್ನು ನೇರ ಪ್ರಸಾರ ಮಾಡಿತು. ತಜ್ಞ ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ ಮುಂದಿಡಲು ನ್ಯಾಯಾಧೀಶರು ಅವಕಾಶ ಕೊಡಲಿಲ್ಲ. ಆಗ ಡ್ಯಾರೋ ಎದುರು ಪಕ್ಷದ ಬ್ರಯನ್ ಅವರನ್ನೇ ಸಾಕ್ಷಿಯಾಗಿ ಕರೆದು, ನ್ಯಾಯಾಲಯದ ಹೊರಾಂಗಣದಲ್ಲಿ ಬೈಬಲ್ಲಿನ ಅಕ್ಷರಶಃ ವ್ಯಾಖ್ಯಾನದ ಬಗ್ಗೆ ಪ್ರಶ್ನಿಸಿದರು. ಮರುದಿನ ಆ ಹೇಳಿಕೆಯನ್ನು ಕಡತದಿಂದ ತೆಗೆದುಹಾಕಲಾಯಿತು. ಸ್ಕೋಪ್ಸ್ ಸ್ವತಃ ಸಾಕ್ಷಿ ಹೇಳಲಿಲ್ಲ.

ಜುಲೈ 21ರಂದು ಜ್ಯೂರಿಯು ಒಂಬತ್ತು ನಿಮಿಷಗಳಲ್ಲಿ ಅವರನ್ನು ತಪ್ಪಿತಸ್ಥರೆಂದು ನಿರ್ಣಯಿಸಿತು. ನ್ಯಾಯಾಧೀಶರು 100 ಡಾಲರ್ ದಂಡ ವಿಧಿಸಿದರು. ಕಾಯ್ದೆ ಅನ್ಯಾಯವಾದುದೆಂದೂ ಅದನ್ನು ಮುಂದೆಯೂ ವಿರೋಧಿಸುವುದಾಗಿಯೂ ಸ್ಕೋಪ್ಸ್ ನ್ಯಾಯಾಲಯಕ್ಕೆ ತಿಳಿಸಿದರು. ಐದು ದಿನಗಳ ನಂತರ ಬ್ರಯನ್ ಡೇಟನ್ನಿನಲ್ಲಿಯೇ ನಿಧನರಾದರು.

ಮೇಲ್ಮನವಿಯನ್ನು ಆಲಿಸಿದ ಟೆನೆಸ್ಸೀ ಸರ್ವೋಚ್ಚ ನ್ಯಾಯಾಲಯವು 1927ರ ಜನವರಿಯಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 50 ಡಾಲರಿಗೆ ಮೀರಿದ ದಂಡವನ್ನು ಜ್ಯೂರಿಯೇ ನಿಗದಿಪಡಿಸಬೇಕೆಂಬ ನಿಯಮವನ್ನು ಪಾಲಿಸಿರಲಿಲ್ಲವೆಂಬ ಕಾರಣದಿಂದ ಶಿಕ್ಷೆಯನ್ನು ರದ್ದುಗೊಳಿಸಿತು. ಇದರಿಂದ ಪ್ರಕರಣವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ಯುವ ದಾರಿ ಮುಚ್ಚಿಹೋಯಿತು.

ಪಠ್ಯಕ್ರಮದ ಮೇಲಿನ ಪರಿಣಾಮ

ದಂಡ ರದ್ದಾದರೂ ಪಠ್ಯಪುಸ್ತಕಗಳಲ್ಲಿ ಜೀವವಿಕಾಸದ ಸ್ಥಾನ ಕುಗ್ಗಿತು. ಹಂಟರ್ ಅವರ ಪುಸ್ತಕದ 1926ರ ಪರಿಷ್ಕೃತ ರೂಪದಲ್ಲಿ ಆ ಭಾಗವನ್ನು ತಿದ್ದಿ, ಜೀವವಿಕಾಸ ಎಂಬ ಪದವನ್ನು ಕೈಬಿಡಲಾಯಿತು. ಟ್ರೂಮನ್ ಮೂನ್ ಅವರ 'ಬಯಾಲಜಿ ಫಾರ್ ಬಿಗಿನರ್ಸ್' (1921) ಪುಸ್ತಕದ ಮುಖಚಿತ್ರವಾಗಿದ್ದ ಡಾರ್ವಿನ್ನರ ಭಾವಚಿತ್ರದ ಜಾಗಕ್ಕೆ ನಂತರದ ಆವೃತ್ತಿಯಲ್ಲಿ ಜೀರ್ಣಾಂಗಗಳ ಚಿತ್ರ ಬಂದಿತು. ಮಿಸಿಸಿಪ್ಪಿ (1926) ಮತ್ತು ಅರ್ಕಾನ್ಸಾ (1928) ರಾಜ್ಯಗಳಲ್ಲಿಯೂ ಇಂತಹ ನಿಷೇಧಗಳು ಜಾರಿಗೆ ಬಂದವು. ಪಠ್ಯದಲ್ಲಾದ ಈ ಇಳಿಕೆಗೆ ಡೇಟನ್ ವಿಚಾರಣೆ ಎಷ್ಟರ ಮಟ್ಟಿಗೆ ಕಾರಣವೆಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಸೋವಿಯತ್ ಒಕ್ಕೂಟವು 1957ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಉಡಾಯಿಸಿದ ನಂತರ ಅಮೆರಿಕದಲ್ಲಿ ವಿಜ್ಞಾನ ಶಿಕ್ಷಣದ ಸುಧಾರಣೆಗೆ ಒತ್ತು ದೊರೆಯಿತು. 1958ರಲ್ಲಿ ಆರಂಭವಾದ ಬಯಾಲಾಜಿಕಲ್ ಸೈನ್ಸಸ್ ಕರಿಕ್ಯುಲಮ್ ಸ್ಟಡಿ ಎಂಬ ಯೋಜನೆಯಲ್ಲಿ ಜೀವವಿಜ್ಞಾನಿಗಳೂ ಶಿಕ್ಷಕರೂ ಒಟ್ಟಾಗಿ ಪ್ರೌಢಶಾಲಾ ಪಠ್ಯವನ್ನು ಹೊಸದಾಗಿ ರಚಿಸಿದರು. 1963ರಲ್ಲಿ ಪ್ರಕಟವಾದ ಇದರ ನೀಲಿ, ಹಸಿರು ಮತ್ತು ಹಳದಿ ಆವೃತ್ತಿಗಳು ಕ್ರಮವಾಗಿ ಅಣುಮಟ್ಟದ ಜೀವವಿಜ್ಞಾನ, ಪರಿಸರ ವಿಜ್ಞಾನ ಮತ್ತು ಜೀವಕೋಶ ವಿಜ್ಞಾನಕ್ಕೆ ಪ್ರಾಧಾನ್ಯ ನೀಡಿದವು. ಮೂರರಲ್ಲಿಯೂ ಜೀವವಿಕಾಸವು ಮುಖ್ಯ ಸೂತ್ರವಾಗಿತ್ತು.

ಬಟ್ಲರ್ ಕಾಯ್ದೆಯನ್ನು 1967ರಲ್ಲಿ ರದ್ದುಪಡಿಸಲಾಯಿತು. ಅರ್ಕಾನ್ಸಾದ ಶಿಕ್ಷಕಿ ಸೂಸನ್ ಎಪ್ಪರ್ಸನ್ ಹೂಡಿದ ಮೊಕದ್ದಮೆಯಲ್ಲಿ 1968ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ನಿಷೇಧವನ್ನು ಅಸಾಂವಿಧಾನಿಕವೆಂದು ಘೋಷಿಸಿತು.

ನಂತರದ ಜೀವನ

ವಿಚಾರಣೆಯ ಬಳಿಕ ಸ್ಕೋಪ್ಸ್ ಅಧ್ಯಾಪನವನ್ನು ತ್ಯಜಿಸಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನವನ್ನು ಅಭ್ಯಸಿಸಿದರು. ವೆನೆಜುವೆಲಾದಲ್ಲಿ ತೈಲ ಕಂಪನಿಯಲ್ಲಿ ದುಡಿದರು. ಮಿಲ್ಡ್ರೆಡ್ ವಾಕರ್ ಅವರನ್ನು ವಿವಾಹವಾದರು. 1932ರಲ್ಲಿ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಕೆಂಟಕಿಯಿಂದ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಮುಂದೆ ಹ್ಯೂಸ್ಟನ್ ಮತ್ತು ಶ್ರೀವ್‌ಪೋರ್ಟ್ ನಗರಗಳಲ್ಲಿ ಅನಿಲ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾಗಿ ಸೇವೆ ಸಲ್ಲಿಸಿದರು. ತಮ್ಮ ಖ್ಯಾತಿಯಿಂದ ಲಾಭ ಪಡೆಯಲು ಒಲ್ಲದ ಅವರು ದೀರ್ಘಕಾಲ ಸಾರ್ವಜನಿಕ ಜೀವನದಿಂದ ದೂರವಿದ್ದರು. ಅವರ ಆತ್ಮಕಥೆ 'ಸೆಂಟರ್ ಆಫ್ ದಿ ಸ್ಟಾರ್ಮ್', ಬಟ್ಲರ್ ಕಾಯ್ದೆ ರದ್ದಾದ ವರ್ಷವೇ ಪ್ರಕಟವಾಯಿತು. 1970ರಲ್ಲಿ ಶ್ರೀವ್‌ಪೋರ್ಟಿನಲ್ಲಿ ನಿಧನರಾದ ಅವರ ಸಮಾಧಿ ಪಡೂಕಾದಲ್ಲಿದೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಈ ವಿಚಾರಣೆಯನ್ನು ಆಧರಿಸಿದ 'ಇನ್‌ಹೆರಿಟ್ ದಿ ವಿಂಡ್' ನಾಟಕ 1955ರಲ್ಲಿಯೂ ಅದೇ ಹೆಸರಿನ ಚಲನಚಿತ್ರ 1960ರಲ್ಲಿಯೂ ಬಂದವು. ಇವುಗಳಲ್ಲಿ ಶಿಕ್ಷಕನ ಪಾತ್ರವು ಸೆರೆಮನೆಯಲ್ಲಿರುವುದನ್ನು ಕಾಣಬಹುದು. ವಾಸ್ತವದಲ್ಲಿ ಸ್ಕೋಪ್ಸ್ ಸೆರೆವಾಸ ಅನುಭವಿಸಲಿಲ್ಲ. ವಿಚಾರಣೆ ನಡೆದ ಡೇಟನ್ನಿನ ನ್ಯಾಯಾಲಯ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿ ಸಂರಕ್ಷಿಸಲಾಗಿದೆ.