ಕಂಪ್ಯೂಟರಿಗೆ ಹೆದರಿದ ರೋಬೋಟ್ ಕಥೆಗಾರ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಚರಿತ್ರೆ ಬರೆದು ತಾ ಅಂತ ವಿಜ್ಞಾನದ ಸರ್ ನನಗೆ ಹೇಳಿದರು. ನಾನು ಐಸಾಕ್ ಅಸಿಮೋವ್ ಅವರನ್ನು ಆರಿಸಿಕೊಂಡೆ. ಅವರು ಅಮೆರಿಕದ ಪ್ರಸಿದ್ಧ ವಿಜ್ಞಾನ ಕಥೆಗಾರರು. ಯಾಕೆ ಅವರೇ ಅಂತ ಕೊನೆಯಲ್ಲಿ ಹೇಳುತ್ತೇನೆ.

ಅಸಿಮೋವ್ ಹುಟ್ಟಿದ್ದು ರಷ್ಯಾದ ಪೆಟ್ರೊವಿಚಿ ಎಂಬ ಊರಿನಲ್ಲಿ. ಸರಿಯಾದ ಹುಟ್ಟಿದ ದಿನ ಅವರಿಗೇ ಗೊತ್ತಿರಲಿಲ್ಲವಂತೆ, ನಮ್ಮ ಅಜ್ಜಿಗೆ ಗೊತ್ತಿಲ್ಲದ ಹಾಗೆ! ಆದರೂ 1920ರ ಜನವರಿ 2 ಎಂದು ಇಟ್ಟುಕೊಂಡು ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದರು. 1923ರಲ್ಲಿ ಅವರ ಮನೆಯವರೆಲ್ಲ ಅಮೆರಿಕಕ್ಕೆ ಬಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನಲ್ಲಿ ನೆಲೆಸಿದರು.

ಅವರ ತಂದೆ ಮಿಠಾಯಿ ಅಂಗಡಿ ಇಟ್ಟಿದ್ದರು. ಅಂಗಡಿಯಲ್ಲಿ ಪತ್ರಿಕೆಗಳನ್ನೂ ಮಾರುತ್ತಿದ್ದರು. ಹುಡುಗ ಐಸಾಕ್ ಅಂಗಡಿ ಕೆಲಸ ಮಾಡುತ್ತಲೇ ಅಲ್ಲಿದ್ದ ವಿಜ್ಞಾನ ಕಥೆಗಳ ಪತ್ರಿಕೆಗಳನ್ನು ಓದಿ ಓದಿ ಹುಚ್ಚು ಹಿಡಿಸಿಕೊಂಡ. ಮುಂದೆ ತಾನೇ ಕಥೆ ಬರೆಯತೊಡಗಿದ. 1938ರಲ್ಲಿ ಒಂದು ಪತ್ರಿಕೆಗೆ ಕೊಟ್ಟ ಮೊದಲ ಕಥೆ ವಾಪಸ್ ಬಂತು. ಆದರೂ ಬಿಡಲಿಲ್ಲ. 1939ರಲ್ಲಿ ಅವರ ಒಂದು ಕಥೆ ಅಚ್ಚಾಯಿತು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಆಮೇಲೆ ಅವರು ರಸಾಯನ ಶಾಸ್ತ್ರ ಓದಿ 1948ರಲ್ಲಿ ಡಾಕ್ಟರೇಟ್ ಪಡೆದರು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಆದರೆ ಅವರಿಗೆ ಹೆಸರು ಬಂದದ್ದು ರೋಬೋಟ್ ಕಥೆಗಳಿಂದ. ರೋಬೋಟ್ ಅಂದರೆ ಯಂತ್ರಮಾನವ. ರೋಬೋಟುಗಳು ಮನುಷ್ಯರಿಗೆ ತೊಂದರೆ ಕೊಡಬಾರದು ಎಂದು 1942ರ ಒಂದು ಕಥೆಯಲ್ಲಿ ಅವರು ಮೂರು ನಿಯಮಗಳನ್ನು ಮಾಡಿದರು. ಈಗಲೂ ದೊಡ್ಡ ದೊಡ್ಡ ವಿಜ್ಞಾನಿಗಳು ಆ ನಿಯಮಗಳ ಬಗ್ಗೆ ಮಾತಾಡುತ್ತಾರೆ. ಊರಿನಷ್ಟು ದೊಡ್ಡ ಕಂಪ್ಯೂಟರುಗಳ ಬಗ್ಗೆಯೂ ಅವರು ಕಥೆ ಬರೆದರು. ಒಟ್ಟು ಸುಮಾರು 500 ಪುಸ್ತಕಗಳು ಅವರ ಹೆಸರಿನಲ್ಲಿವೆ.

ಇಷ್ಟೆಲ್ಲ ಬರೆದವರ ಮನೆಯಲ್ಲಿ ಕಂಪ್ಯೂಟರ್ ಇತ್ತು ಅಂದುಕೊಂಡಿರಾ? ಇರಲೇ ಇಲ್ಲ! ಅರವತ್ತು ವರ್ಷ ಆಗುವ ತನಕ ಅವರು ಟೈಪ್‌ರೈಟರಿನಲ್ಲೇ ಬರೆದರು. ನಿಮಿಷಕ್ಕೆ 90 ಪದ ಟೈಪ್ ಮಾಡುತ್ತಿದ್ದರು. ನಾನು ಗಡಿಯಾರ ಇಟ್ಟುಕೊಂಡು ಪೆನ್ನಲ್ಲಿ ಬರೆದು ನೋಡಿದೆ, ಒಂದು ನಿಮಿಷಕ್ಕೆ ಹನ್ನೊಂದು ಪದ ಆಯ್ತು ಅಷ್ಟೆ.

1981ರಲ್ಲಿ ಅವರ ಮನೆಗೆ ಮೊದಲ ಕಂಪ್ಯೂಟರ್ ಬಂತು. ಅದರ ಹೆಸರು ಟಿಆರ್‌ಎಸ್-80 ಮಾಡೆಲ್ 2. ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರುತ್ತಿದ್ದ ಯಂತ್ರ ಅದು. ಅದರ ನೆನಪಿನ ಶಕ್ತಿ ಹೆಚ್ಚೆಂದರೆ 64 ಕಿಲೋಬೈಟ್. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಬರೆದದ್ದನ್ನು ಉಳಿಸಲು 8 ಇಂಚಿನ ಅಗಲವಾದ ಫ್ಲಾಪಿ ಎಂಬ ತಟ್ಟೆ ಹಾಕಬೇಕಿತ್ತು. ಅಕ್ಷರ ಜೋಡಿಸಲು ಸ್ಕ್ರಿಪ್‌ಸಿಟ್ ಎಂಬ ಸಾಫ್ಟ್‌ವೇರ್ ಇತ್ತು.

ಈಗ ಮಜಾ ಕೇಳಿ. ರೋಬೋಟುಗಳಿಗೇ ನಿಯಮ ಬರೆದ ಮನುಷ್ಯನಿಗೆ ಈ ಸಣ್ಣ ಯಂತ್ರ ಕಂಡರೆ ಭಯ! ನನಗೆ ಇದು ಬೇಡ, ನನ್ನ ಟೈಪ್‌ರೈಟರೇ ಸಾಕು ಅನ್ನುವ ಹಾಗಿದ್ದರು. ಮೊದಮೊದಲು ಏನು ಮಾಡಿದರೂ ಸರಿಯಾಗಿ ಬರ್ತಿರಲಿಲ್ಲ. ಆದರೆ ಪ್ರಯತ್ನ ಬಿಡಲಿಲ್ಲ. ಕೆಲವು ವಾರ ಆದ ಮೇಲೆ ಕೈಗೆ ಹತ್ತಿತು. ಆಮೇಲೆ ಅದೇ ಕಂಪ್ಯೂಟರಿನ ಜಾಹೀರಾತಿನಲ್ಲೂ ಅವರ ಫೋಟೋ ಬಂತು!

ಅವರಿಗೆ ಅದರಿಂದ ಆದ ಉಪಯೋಗ ವೇಗ ಅಲ್ಲ, ಯಾಕೆಂದರೆ ಅವರು ಮೊದಲೇ ವೇಗ. ವೇಗದಲ್ಲಿ ಟೈಪ್ ಮಾಡುವಾಗ ತಪ್ಪುಗಳು ಆಗುತ್ತಿದ್ದವು. ಕಾಗದದ ಮೇಲೆ ಹೊಡೆದು ಹಾಕಿದರೆ ಗಲೀಜು ಕಾಣುತ್ತದೆ. ಪರದೆಯ ಮೇಲೆ ತಿದ್ದಿ ಆಮೇಲೆ ಅಚ್ಚು ತೆಗೆದರೆ ಪುಟ ಚೊಕ್ಕಟ. ಹಾಗಂತ ಹಳೆಯ ಟೈಪ್‌ರೈಟರನ್ನು ಅವರು ಎಸೆಯಲಿಲ್ಲ, ಎರಡನ್ನೂ ಬಳಸಿದರು.

1988ರಲ್ಲಿ ಟೀವಿ ಸಂದರ್ಶನವೊಂದರಲ್ಲಿ ಅವರು, ಮುಂದೆ ಮನೆ ಮನೆಯಲ್ಲೂ ಕಂಪ್ಯೂಟರ್ ಬರುತ್ತದೆ, ಅದಕ್ಕೆ ದೊಡ್ಡ ಗ್ರಂಥಾಲಯಗಳು ಜೋಡಣೆಯಾಗುತ್ತವೆ, ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ತಮ್ಮದೇ ವೇಗದಲ್ಲಿ ಕಲಿಯಬಹುದು ಎಂಬ ಅರ್ಥದಲ್ಲಿ ಹೇಳಿದ್ದರು. 1992ರ ಏಪ್ರಿಲ್ 6ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆಗ ನಾವ್ಯಾರೂ ಹುಟ್ಟೇ ಇರಲಿಲ್ಲ.

ಈಗ ನನ್ನ ಕಾರಣ ಹೇಳುತ್ತೇನೆ. ಹೋದ ವರ್ಷ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಗೆಳತಿ ಒಂದು ಪುಟ ಟೈಪ್ ಮಾಡಿದ್ದಳು. ನಾನು ಯಾವುದೋ ಗುಂಡಿ ಒತ್ತಿ ಅದೆಲ್ಲ ಅಳಿಸಿ ಹೋಯಿತು. ಅವಳು ಅತ್ತಳು, ಮಿಕ್ಕವರು ನಕ್ಕರು. ಅವತ್ತಿನಿಂದ ನನ್ನ ಸರದಿ ಬಂದಾಗಲೆಲ್ಲ ತಲೆನೋವು ಅಂತ ಸುಳ್ಳು ಹೇಳಿ ಹಿಂದೆ ಕೂರುತ್ತಿದ್ದೆ. ಇವರ ಕಥೆ ಓದಿದ ಮೇಲೆ, ಇಷ್ಟು ದೊಡ್ಡವರಿಗೇ ವಾರಗಟ್ಟಲೆ ಬೇಕಾಯಿತು, ನನ್ನದೇನು ಮಹಾ ಅನ್ನಿಸಿತು. ಹೋದ ಶನಿವಾರ ಧೈರ್ಯ ಮಾಡಿ ಕೂತೆ. ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದು ಅದೇ ಗೆಳತಿ. ಇಡೀ ಪೀರಿಯಡ್ಡಿನಲ್ಲಿ ಒಂದೇ ಒಂದು ಸಾಲು ಬರೆದೆ. ನಾಲ್ಕು ತಪ್ಪು ಇದ್ದವು, ನಾನೇ ತಿದ್ದಿದೆ.

ಗೆಳೆಯರೆ, ಬರುವುದಿಲ್ಲ ಎಂದು ಹಿಂದೆ ಕೂರಬಾರದು, ಕೂತು ಕಲಿಯಬೇಕು ಎಂಬುದೇ ಅಸಿಮೋವ್ ಅವರ ಜೀವನದಿಂದ ನಾನು ಕಲಿತ ಪಾಠ. ಈ ಲೇಖನವನ್ನು ಮಾತ್ರ ತಪ್ಪಾಗಿ ತಪ್ಪಾಗಿ ಮೂರು ಹಾಳೆಯಲ್ಲಿ ಬರೆದೆ. ಇನ್ನೂ ತಪ್ಪಿದ್ದರೆ ಕ್ಷಮಿಸಿ.

— 7ನೇ ತರಗತಿ ವಿದ್ಯಾರ್ಥಿನಿ