ಡೇರೆಯಲ್ಲೇ ಬದುಕಿದ ಧೋಂಡಿಯಾ ವಾಘ್

ನಮ್ಮ ಜಿಲ್ಲೆಯ ಡಂಬಳ ಕೋಟೆಗೂ ಧೋಂಡಿಯಾ ವಾಘ್‌ಗೂ ಸಂಬಂಧವಿದೆ. ಚನ್ನಗಿರಿಯ ಮರಾಠ ಮನೆತನದ ಇವನು ಹೈದರ್ ಅಲಿಯ ದಂಡಿನಲ್ಲಿ ಕುದುರೆ ಸವಾರನಾಗಿದ್ದ. ಮುಂದೆ ಟಿಪ್ಪು ಸುಲ್ತಾನರು ಇವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟರು. 1799ರ ಮೇ 4ರಂದು ಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ.

ಸುಲ್ತಾನರ ಸೈನ್ಯ ಒಡೆದು ಕೆಲಸ ಕಳೆದುಕೊಂಡ ಸವಾರರು ಇವನ ಜೊತೆ ಸೇರಿದರು. ಅವರಿಗೆ ಡೇರೆಯೇ ಮನೆ. ಕುದುರೆಗೆ ಮೇವು, ನೀರು ಸಿಕ್ಕಲ್ಲಿ ಬೀಡು. ಹೆಂಗಸರು, ಮಕ್ಕಳು, ಎತ್ತುಗಳು ದಂಡಿನ ಜೊತೆಗೇ ಸಾಗಬೇಕು. ಇವರ ಲೂಟಿಯಿಂದ ಹಳ್ಳಿಯ ರೈತರು ನೊಂದದ್ದೂ ನಿಜ.

ಕರ್ನಲ್ ವೆಲ್ಲೆಸ್ಲಿ ಬೆನ್ನು ಹತ್ತಿದ. 1800ರ ಜುಲೈ 26ರಂದು ಡಂಬಳ ಕೋಟೆ ಹಿಡಿದ. ಜುಲೈ 30ರಂದು ಮುನವಳ್ಳಿ ಬಳಿ ಬೀಡಿನ ಮೇಲೆ ಬಿದ್ದ. ಹಲವರು ಕತ್ತಿಗೆ ಬಲಿಯಾದರು, ಇನ್ನು ಹಲವರು ಮಲಪ್ರಭೆಯ ಪಾಲಾದರು. ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಜಿಲ್ಲೆಯ ಕೋನಗಲ್‌ನಲ್ಲಿ ಸುಮಾರು 5000 ಸವಾರರೊಂದಿಗೆ ನಿಂತ ಧೋಂಡಿಯಾ ಯುದ್ಧದಲ್ಲೇ ಸತ್ತ.

ಕೆಲವರು ಇವನನ್ನು ದರೋಡೆಕೋರ ಎನ್ನುತ್ತಾರೆ, ಕೆಲವರು ಬ್ರಿಟಿಷರಿಗೆ ತಲೆಬಾಗದ ವೀರ ಎನ್ನುತ್ತಾರೆ. ಆದರೆ ಬೀಡಿನಲ್ಲಿದ್ದ ಮಕ್ಕಳು ಯಾವ ತಪ್ಪೂ ಮಾಡಿರಲಿಲ್ಲ. ಅಂದು ಸಾಮಾನಿನ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ಸಾಕಿದ್ದು, ತಂದೆಯನ್ನು ಸೋಲಿಸಿದ ವೆಲ್ಲೆಸ್ಲಿಯೇ. ಭಾರತ ಬಿಡುವಾಗ ಆ ಹುಡುಗನಿಗಾಗಿ ಹಣವನ್ನೂ ಇಟ್ಟು ಹೋದ.